ಕಡಲಾಳದ ಎಣ್ಣೆ, ನೆಲದ ಮೇಲಿನ ರಸ್ತೆ

ರಸ್ತೆಗೆ ಹಣ ಎಲ್ಲಿಂದ ತರಬೇಕು? ಈ ಪ್ರಶ್ನೆಗೆ ಅಮೆರಿಕ 1956ರಲ್ಲಿ ಸರಳವಾದ ಉತ್ತರ ಕಂಡುಕೊಂಡಿತ್ತು. ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಸ್ಥಾಪನೆಯಾದ ಹೆದ್ದಾರಿ ನಿಧಿಗೆ ಪೆಟ್ರೋಲ್ ತೆರಿಗೆಯೇ ಮುಖ್ಯ ಆಧಾರ. ರಸ್ತೆ ಬಳಸಿದವನೇ ರಸ್ತೆಗೆ ತೆರಬೇಕು ಎಂಬುದು ಅದರ ತತ್ವ. ಆದರೆ 1993ರಲ್ಲಿ ನಿಗದಿಯಾದ, ಗ್ಯಾಲನ್ನಿಗೆ 18.4 ಸೆಂಟ್ ಕೇಂದ್ರ ತೆರಿಗೆ ಆಮೇಲೆ ದಶಕಗಳ ಕಾಲ ಏರಲೇ ಇಲ್ಲ. ಕಾಮಗಾರಿಯ ವೆಚ್ಚ ಏರುತ್ತ ಹೋಯಿತು. 2008ರ ಹೊತ್ತಿಗೆ ನಿಧಿ ಬರಿದಾಗಿ, ಸರ್ಕಾರದ ಬೊಕ್ಕಸದಿಂದ ಹಣ ತುಂಬಬೇಕಾಯಿತು.

ತೆರಿಗೆ ಏರಿಸಿದರೆ ಮತದಾರ ಮುನಿಯುತ್ತಾನೆ. ಹಾಗಾಗಿ ರಾಜಕಾರಣಿಗಳ ಕಣ್ಣು ಕಡಲಿನತ್ತ ಹೊರಳಿತು. 2010ರಲ್ಲಿ ವರ್ಜೀನಿಯಾದ ಗವರ್ನರ್ ಆದ ಬಾಬ್ ಮೆಕ್‌ಡಾನೆಲ್, ಅಟ್ಲಾಂಟಿಕ್ ಕರಾವಳಿಯಾಚೆ ತೈಲ ಬಾವಿ ಕೊರೆಯಲು ಬಿಟ್ಟು, ಅದರ ರಾಜಧನವನ್ನು ರಸ್ತೆಗೆ ಬಳಸಬೇಕೆಂದು ವಾದಿಸಿದರು. ಉದ್ಯೋಗವೂ ಹುಟ್ಟುತ್ತದೆ, ತೆರಿಗೆಯ ಹೊರೆಯೂ ಇಲ್ಲ ಎಂಬುದು ಈ ವಾದದ ಆಕರ್ಷಣೆ.

ತೊಡಕು ಕಾನೂನಿನಲ್ಲೇ ಇತ್ತು. 1953ರ ಕಾಯಿದೆಗಳ ಪ್ರಕಾರ ಕರಾವಳಿಯಿಂದ ಸಾಮಾನ್ಯವಾಗಿ 3 ನಾಟಿಕಲ್ ಮೈಲಿವರೆಗಿನ ಕಡಲತಳ ಮಾತ್ರ ರಾಜ್ಯದ್ದು, ಅದರಾಚೆಯದು ಕೇಂದ್ರದ್ದು. ಮೆಕ್ಸಿಕೋ ಕೊಲ್ಲಿಯ ನಾಲ್ಕು ರಾಜ್ಯಗಳಿಗೆ ಅಲ್ಲಿನ ಕೆಲವು ಗುತ್ತಿಗೆಗಳ ಆದಾಯದಲ್ಲಿ ಶೇಕಡ 37.5ರಷ್ಟು ಪಾಲನ್ನು 2006ರ ಕಾನೂನು ಕೊಟ್ಟಿತ್ತು. ವರ್ಜೀನಿಯಾಕ್ಕೆ ಅಂಥ ಹಕ್ಕಿರಲಿಲ್ಲ. ಮೇಲಾಗಿ, ಗುತ್ತಿಗೆ ಕೊಟ್ಟ ಮೇಲೆ ಎಣ್ಣೆ ಹರಿಯಲು ಹಲವು ವರ್ಷ ಬೇಕು. ರಸ್ತೆಯ ಗುಂಡಿ ಅಷ್ಟು ಕಾಲ ಕಾಯುವುದಿಲ್ಲ.

ಕಡಲಿನ ಭಯವೂ ಹೊಸದಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ತೀರಕ್ಕೆ ಎಣ್ಣೆ ಮೆತ್ತಿದ್ದನ್ನು ಜನ ಮರೆತಿರಲಿಲ್ಲ. 1981ರಿಂದ ಸಂಸತ್ತು ಹಂತಹಂತವಾಗಿ ವಿಧಿಸಿದ ನಿಷೇಧ 2008ರಲ್ಲಿ, ಪೆಟ್ರೋಲ್ ಬೆಲೆ ಗಗನಕ್ಕೇರಿದ ವರ್ಷ, ಕೊನೆಗೊಂಡಿತು. 2010ರ ಮಾರ್ಚ್ 31ರಂದು ಅಧ್ಯಕ್ಷ ಒಬಾಮಾ ಅಟ್ಲಾಂಟಿಕ್‌ನ ಬಾಗಿಲು ತೆರೆಯುವುದಾಗಿ ಘೋಷಿಸಿದರು. ಇಪ್ಪತ್ತೇ ದಿನ. ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. 87 ದಿನ ಎಣ್ಣೆ ಕಡಲಿಗೆ ಸೋರಿತು. ಮೇ ತಿಂಗಳಲ್ಲೇ ವರ್ಜೀನಿಯಾದ ಗುತ್ತಿಗೆ ಹರಾಜು ರದ್ದಾಯಿತು.

ಆದರೂ ಈ ಯೋಚನೆ ಸಾಯಲಿಲ್ಲ. 2012ರಲ್ಲಿ ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್ ಇಡೀ ದೇಶದ ಹೆದ್ದಾರಿ ಮಸೂದೆಗೇ ತೈಲದ ಆದಾಯವನ್ನು ಗಂಟುಹಾಕಿದರು. ಅದೂ ದಡ ಸೇರಲಿಲ್ಲ.

ಕೊನೆಗೆ ವರ್ಜೀನಿಯಾದ ರಸ್ತೆಗೆ ಹಣ ಬಂದದ್ದು ಹೇಗೆ? 2013ರಲ್ಲಿ ಮೆಕ್‌ಡಾನೆಲ್ ಅವರೇ ಗ್ಯಾಲನ್ನಿಗೆ 17.5 ಸೆಂಟ್ ಇದ್ದ ರಾಜ್ಯದ ಪೆಟ್ರೋಲ್ ತೆರಿಗೆ ತೆಗೆದು, ಸಗಟು ದರದ ಮೇಲೆ ತೆರಿಗೆ ಹಾಕಿ, ಮಾರಾಟ ತೆರಿಗೆಯನ್ನೂ ಏರಿಸಿದರು. ಕಡಲು ಕೊಡಬೇಕಿದ್ದ ಹಣವನ್ನು ಅಂಗಡಿಗೆ ಹೋದ ಗಿರಾಕಿಯೇ ಕೊಟ್ಟ.