ಬೀಜೋಪಘಾತ ಶಬ್ದವಿಚಾರ

ಸಂತಾನವಿಲ್ಲದ ಸ್ತ್ರೀಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಬಂಜೆ ಎಂಬ ಶಬ್ದವುಂಟು. ಅದು ಸಂಸ್ಕೃತದ ವಂಧ್ಯಾ ಶಬ್ದದ ತದ್ಭವವೆಂಬುದು ವಿದ್ವಾಂಸರೆಲ್ಲರೂ ಬಲ್ಲ ಸಂಗತಿ. ಆದರೆ ಅದೇ ಸ್ಥಿತಿಯಲ್ಲಿರುವ ಪುರುಷನಿಗೆ ಮನೆಮಾತಿನಲ್ಲಿ ಅಷ್ಟು ನೇರವಾದ ಹೆಸರಿಲ್ಲ. ಷಂಡ, ನಪುಂಸಕ, ಕ್ಲೀಬ ಎಂಬಿವು ಸಂಭೋಗಶಕ್ತಿಯಿಲ್ಲದವನನ್ನು ಬೋಧಿಸುವುವೇ ಹೊರತು, ಆ ಶಕ್ತಿಯಿದ್ದೂ ಬೀಜವು ಕೆಟ್ಟಿರುವವನನ್ನು ಬೋಧಿಸಲಾರವು. ಶಬ್ದವಿಲ್ಲದೆಡೆಯಲ್ಲಿ ಅರ್ಥವೂ ಮರೆಯಾಗುವುದು ಸಹಜ. ದಾವಣಗೆರೆಯ ಸಮೀಪದ ಆನಗೋಡಿನಂಥ ಗ್ರಾಮಗಳಲ್ಲಿಯೂ ನಾಡಿನ ಇತರ ಕಡೆಗಳಲ್ಲಿಯೂ ಮಕ್ಕಳಿಲ್ಲದ ಮನೆಯ ಅಪವಾದವು ಬಹುಕಾಲದಿಂದ ಸೊಸೆಯ ತಲೆಗೇ ಬಂದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಪುತ್ರಹೀನನಾಗಿ ಮಡಿದವನ ಸ್ವತ್ತಿನ ವಿಚಾರವು ಅಪುತ್ರಿಕವೆಂಬ ಹೆಸರಿನಿಂದ ಕರ್ಣಾಟಕದ ಶಾಸನಗಳಲ್ಲಿಯೂ ಬರುವುದರಿಂದ, ಇದು ಕೇವಲ ಮನೆಯೊಳಗಿನ ದುಃಖವಾಗಿರದೆ ಹೊಲಮನೆಗಳ ಪ್ರಶ್ನೆಯೂ ಆಗಿತ್ತೆಂದು ತಿಳಿಯಬೇಕು.

ಶಾಸ್ತ್ರಕಾರರು ಮಾತ್ರ ಪುರುಷನನ್ನು ಬಿಟ್ಟವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ ಯೋನಿವ್ಯಾಪತ್ತುಗಳ ಜತೆಯಲ್ಲಿಯೇ ಎಂಟು ಶುಕ್ರದೋಷಗಳೂ ನಾಲ್ಕು ವಿಧದ ಕ್ಲೈಬ್ಯವೂ ಉಕ್ತವಾಗಿವೆ. ಆ ನಾಲ್ಕರಲ್ಲಿ ಮೊದಲನೆಯದೇ ಬೀಜೋಪಘಾತಜ, ಎಂದರೆ ಬೀಜಕ್ಕೆ ಪೆಟ್ಟು ಬಿದ್ದುದರಿಂದ ಆದುದು. ಹೆಸರು ಸೊಗಸಾಗಿದೆ. ಆದರೆ ಅದನ್ನೂ ಕ್ಲೈಬ್ಯದೊಳಗೇ ಅಡಗಿಸಿದ್ದರಿಂದ ಮೇಲೆ ಹೇಳಿದ ಗೊಂದಲವು ಅಲ್ಲಿಯೂ ಪೂರ್ತಿಯಾಗಿ ಹರಿದಿಲ್ಲ.

ಸುಶ್ರುತನ ಮಾತು ಇದಕ್ಕಿಂತಲೂ ಹೆಚ್ಚು ಲಕ್ಷ್ಯಕ್ಕೆ ಅರ್ಹವಾದುದು. ಶಾರೀರಸ್ಥಾನದಲ್ಲಿ ಆತನು ದುಷ್ಟಶುಕ್ರದ ಭೇದಗಳನ್ನು ಎಣಿಸುವಾಗ ಕುಣಪಗಂಧಿ, ಗ್ರಂಥಿಭೂತ, ಕ್ಷೀಣ ಎಂಬವುಗಳೊಡನೆ ಪೂತಿಪೂಯವೆಂಬುದೊಂದನ್ನು ಹೇಳಿ, ಇವು ಕಷ್ಟಸಾಧ್ಯವೆನ್ನುತ್ತಾನೆ. ಪೂಯವೆಂದರೆ ಕೀವು. ಕೀವು ಇರುವಲ್ಲಿ ಶೋಫವುಂಟು, ಎಂದರೆ ಬಾವು ಉಂಟು. ಅದೇ ಸ್ಥಾನದಲ್ಲಿ ಶುಕ್ರವಹ ಸ್ರೋತಸ್ಸುಗಳಿಗೆ ಸ್ತನಗಳೂ ವೃಷಣಗಳೂ ಮೂಲವೆಂದು ಹೇಳಿ, ಅವಕ್ಕೆ ಗಾಯವಾದರೆ ಕ್ಲೀಬತ್ವವೂ ರಕ್ತಮಿಶ್ರ ಶುಕ್ರವೂ ಉಂಟಾಗುವುವೆಂದಿದ್ದಾನೆ. ನಿದಾನಸ್ಥಾನದ 12ನೆಯ ಅಧ್ಯಾಯದಲ್ಲಿ ಏಳು ವಿಧದ ವೃದ್ಧಿರೋಗ, ಉಪದಂಶ, ಶ್ಲೀಪದ, ಈ ಮೂರನ್ನೂ ಒಟ್ಟಿಗಿಟ್ಟಿದ್ದಾನೆ. ಶ್ಲೀಪದವೆಂದರೆ ಆನೆಕಾಲು. ಆನೆಕಾಲಿನ ಹುಳುವೇ ಎಷ್ಟೋ ಮಂದಿಯಲ್ಲಿ ವೃಷಣಕೋಶದ ನೀರುಬಾವಿಗೂ ಕಾರಣವೆಂಬುದು ಈಗ ಸಿದ್ಧವಾಗಿರುವುದರಿಂದ, ಈ ಸಾಮೀಪ್ಯವನ್ನು ಬರಿಯ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಹೀಗೆಂದು ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಉಬ್ಬುವುದು ವಿದ್ವತ್ತಿನ ಲಕ್ಷಣವಲ್ಲ. ಸುಶ್ರುತನು ಕಂಡುದು ಕಣ್ಣಿಗೆ ಕಾಣುವ ಕೀವು. ಕಾರಣವಾಗಿ ಹೇಳಿದುದು ಪಿತ್ತಶ್ಲೇಷ್ಮಗಳ ಕೋಪ. ಶುಕ್ರದಲ್ಲಿ ಚಲಿಸುವ ಜೀವಾಣುಗಳಿರುವುದನ್ನು ಹಾಲೆಂಡಿನ ಲೇವನ್‌ಹುಕನು ಸೂಕ್ಷ್ಮದರ್ಶಕದಿಂದ ಕಂಡುದು 1677ರಲ್ಲಿ. ಇಂದಿನ ಪರೀಕ್ಷಕರು ಒಂದು ಮಿಲಿಲೀಟರು ಶುಕ್ರದಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಬಿಳಿಯ ರಕ್ತಕಣಗಳಿದ್ದರೆ ಅದನ್ನು ದೋಷದ ಸೂಚನೆಯೆಂದು ಎಣಿಸುವರು. ಅಷ್ಟಿದ್ದರೂ ಕಣ್ಣಿಗೆ ಕೀವು ಕಾಣದೆ ಇರಬಹುದು.

ಕೀವಿಗೂ ಬೀಜಕ್ಕೂ ನಡುವೆ ನಡೆಯುವುದೇನು? ಶುಕ್ರಾಣುಗಳು ಹುಟ್ಟುವುದು ಯೌವನಾರಂಭದಲ್ಲಿ. ದೇಹದ ರಕ್ಷಣಾಶಕ್ತಿಯು ತನ್ನದು ಯಾವುದು, ಅನ್ಯವು ಯಾವುದು ಎಂಬುದನ್ನು ಕಲಿಯುವುದು ಅದಕ್ಕೆ ಮೊದಲೇ. ಆದಕಾರಣ ಶುಕ್ರಾಣುವು ಸ್ವಂತ ದೇಹಕ್ಕೇ ಅಪರಿಚಿತ. ಇಟಲಿಯ ಸೆರ್ಟೋಲಿಯು 1865ರಲ್ಲಿ ವರ್ಣಿಸಿದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ಕೋಟೆಯ ಗೋಡೆಯಂತೆ ನಿಂತು ಅದನ್ನು ಕಾಯುವುವು. ವೃಷಣದಲ್ಲಿ ಸೋಂಕು ತಗಲಿದಾಗ ಅಲ್ಲಿನ ರಕ್ಷಣಾಕೋಶಗಳು ಸೈಟೋಕೈನುಗಳೆಂಬ ದೂತದ್ರವ್ಯಗಳನ್ನು ಸುರಿಸುವುವು. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಇವುಗಳಲ್ಲಿ ಮುಖ್ಯವಾದವು. ಇವು ಅಲ್ಪಪ್ರಮಾಣದಲ್ಲಿ ಆರೋಗ್ಯವಂತನ ವೃಷಣದಲ್ಲಿಯೂ ಇದ್ದು ಕೆಲಸಮಾಡುವುವೆಂಬುದು ಗಮನಾರ್ಹ. ಮಿತಿಮೀರಿದರೆ ಗೋಡೆಯ ಬೆಸುಗೆ ಸಡಿಲುತ್ತದೆ, ಬೀಜಕೋಶಗಳು ಅಕಾಲದಲ್ಲಿ ಸಾಯುತ್ತವೆ, ಲೈಡಿಗ್ ಕೋಶಗಳ ಟೆಸ್ಟೋಸ್ಟಿರೋನ್ ಉತ್ಪತ್ತಿಯು ಕುಗ್ಗುತ್ತದೆ. ಗೋಡೆ ಬಿರಿದ ಮೇಲೆ ಶುಕ್ರಾಣುವಿಗೆ ವಿರೋಧಿಯಾದ ಪ್ರತಿಕಾಯಗಳು ಹುಟ್ಟುವುದೂ ಉಂಟು. ಬೀಜೋಪಘಾತವೆಂಬ ಹಳೆಯ ಹೆಸರಿಗೆ ಇದಕ್ಕಿಂತ ಒಪ್ಪುವ ಅರ್ಥವು ಸಿಕ್ಕಲಾರದು.

ಪ್ರತಿಕಾಯಗಳ ಈ ಬಲವನ್ನೇ ಬೇರೊಂದು ಉದ್ದೇಶಕ್ಕೆ ತಿರುಗಿಸಿದವರು ಕರ್ಣಾಟಕದಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು, ವೃಷಣವನ್ನು ಪ್ರೇರಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿಗೆ ವಿರುದ್ಧವಾಗಿ ಗಂಡು ಕೋತಿಗಳಲ್ಲಿ ಪ್ರತಿಕಾಯಗಳನ್ನು ಹುಟ್ಟಿಸಿ ಬೀಜೋತ್ಪತ್ತಿಯನ್ನು ತಗ್ಗಿಸಿದರು. ಸ್ವಯಂಸೇವಕರಾದ ಕೆಲವರು ಪುರುಷರಲ್ಲಿ ನಡೆದ ಪ್ರಯೋಗದ ಫಲವು 1997ರಲ್ಲಿ ಪ್ರಕಟವಾಯಿತು.

ಸಾಮಾನ್ಯ ಜನರಿಗೆ ಹತ್ತಿರವಾದ ನಿದರ್ಶನವು ಗದ್ದಬಾವು. ಇದನ್ನೇ ಮಂಗನಬಾವು, ಕೆಪ್ಪಟೆ ಎಂದೂ ಕರೆಯುವುದುಂಟು. ಥಾಸೋಸ್ ದ್ವೀಪದಲ್ಲಿ ಕಿವಿಯ ಬಳಿ ಬಾವು ಬಂದವರಲ್ಲಿ ಕೆಲವರಿಗೆ ವೃಷಣವೂ ನೋವಿನಿಂದ ಊದಿಕೊಂಡಿತೆಂದು ಯವನವೈದ್ಯ ಹಿಪೊಕ್ರೆಟಿಸನ ಹೆಸರಿನ ಗ್ರಂಥದಲ್ಲಿ ಹೇಳಿದೆ. ಚರಕನು ಸನ್ನಿಪಾತಜ್ವರದ ಕೊನೆಯಲ್ಲಿ ಬರುವ ಕರ್ಣಮೂಲಶೋಥವನ್ನು ದಾರುಣವೆಂದಿರುವನು. ಆದರೆ ಆ ಮಾತಿನಲ್ಲಿ ವೃಷಣದ ಪ್ರಸ್ತಾಪವಿಲ್ಲ. ಇಲ್ಲಿ ಯವನನ ಕಣ್ಣು ಹೆಚ್ಚು ಚುರುಕೆಂದು ಒಪ್ಪುವುದರಲ್ಲಿ ನಾಚಿಕೆಯೇನೂ ಇಲ್ಲ. ಎಳೆಯ ಮಕ್ಕಳಲ್ಲಿ ಈ ಉಪದ್ರವವು ಅಪರೂಪ. ಪ್ರಾಯಕ್ಕೆ ಬಂದ ಮೇಲೆ ಗದ್ದಬಾವು ತಗಲಿದರೆ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಗೆ ವೃಷಣವು ಊದುವುದು. ಊದಿದುದು ಆಮೇಲೆ ಕುಗ್ಗಿಹೋಗುವುದೂ ಉಂಟು. ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ತಗಲುವುದರಿಂದ ಸಂತಾನಶಕ್ತಿಯು ಪೂರ್ತಿಯಾಗಿ ನಷ್ಟವಾಗುವುದು ವಿರಳ.

ಗದ್ದಬಾವಿಗೆ ಲಸಿಕೆಯು ಅಮೆರಿಕದಲ್ಲಿ 1967ರಿಂದ ಬಳಕೆಗೆ ಬಂದಿತು. ಕರ್ಣಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾದ ದೊಡ್ಡ ಅಭಿಯಾನದಲ್ಲಿ ಶಾಲೆಶಾಲೆಗೂ ಹೋಗಿ ಮಕ್ಕಳಿಗೆ ಚುಚ್ಚಿದ ಲಸಿಕೆಯು ದಡಾರ, ರುಬೆಲ್ಲಾ ಎಂಬ ಎರಡು ರೋಗಗಳಿಗೆ ಮಾತ್ರ ಸಂಬಂಧಿಸಿದ್ದಿತು; ಗದ್ದಬಾವಿನ ಅಂಶವು ಅದರಲ್ಲಿ ಸೇರಿರಲಿಲ್ಲ.