ದಾದಿಯರ ಮುಂದುವರಿಕೆ ಶಿಕ್ಷಣ: ಅಲೆವೂರು, ಉಡುಪಿ ಪ್ರದೇಶ

ನೋಂದಣಿಯಾಗಿ ಕೆಲಸಕ್ಕೆ ಸೇರಿದ ದಾದಿಯರು ಮತ್ತು ಹೆರಿಗೆ ಮಾಡಿಸುವ ಸಿಸ್ಟರುಗಳು ನಿವೃತ್ತಿಯವರೆಗೆ ಕಲಿಯುತ್ತಲೇ ಇರುವ ಏರ್ಪಾಡನ್ನು ಮುಂದುವರಿಕೆ ಶಿಕ್ಷಣ ಎನ್ನುತ್ತಾರೆ. ಉಡುಪಿ ಪ್ರದೇಶದಲ್ಲಿ ಆಸ್ಪತ್ರೆಗಳು ಬೇಗ ಬಂದವು, ಈ ಏರ್ಪಾಡು ತಡವಾಗಿ ಬಂತು.

ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಬಾಸೆಲ್ ಮಿಶನ್ ಪರವಾಗಿ ಆಸ್ಪತ್ರೆ ತೆರೆದರು. ಆಗ ಉಡುಪಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದಾದಿಯರು ಮತ್ತು ಸೂಲಗಿತ್ತಿಯರ ನೋಂದಣಿಗೆಂದು 1926ರಲ್ಲಿ ಮದರಾಸು ಕಾಯ್ದೆ ಬಂತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ, 1961ರಲ್ಲಿ ಮೈಸೂರು (ಈಗಿನ ಕರ್ನಾಟಕ) ರಾಜ್ಯದ ಕಾಯ್ದೆ ಆದವು. ಇವೆಲ್ಲ ಯಾರು ದಾದಿ ಎಂಬುದನ್ನು ತೀರ್ಮಾನಿಸಿದವು. ಹತ್ತು ವರ್ಷದ ಹಿಂದೆ ಪಾಸಾದವರಿಗೆ ಇಂದಿನ ಪದ್ಧತಿ ಗೊತ್ತೇ ಎಂದು ವಿಚಾರಿಸುವ ಗೊಡವೆಗೆ ಬಹುಕಾಲ ಯಾರೂ ಹೋಗಲಿಲ್ಲ.

ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಹಳ್ಳಿಗೂ ಆಸ್ಪತ್ರೆಗೂ ನಡುವೆ ಹೊಸದೊಂದು ಕೊಂಡಿ ಬೆಳೆಯಿತು. ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಸೇರಿದ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳು ಮಲ್ಪೆ, ಉದ್ಯಾವರ, ಕಾಪುಗಳಲ್ಲಿದ್ದಂತೆ ಅಲೆವೂರಿನಲ್ಲೂ ನಡೆದವು. ಬಸುರಿಯರ ತಪಾಸಣೆ, ಚುಚ್ಚುಮದ್ದು, ಮನೆಭೇಟಿ ಸಹಾಯಕ ದಾದಿ-ಸೂಲಗಿತ್ತಿಯರ (ಎ.ಎನ್.ಎಂ.) ಪಾಲಿನ ಕೆಲಸ. ವೈದ್ಯರೂ ವಿದ್ಯಾರ್ಥಿಗಳೂ ಬಂದುಹೋಗುವ ಇಂಥ ಕಡೆ ಸಿಸ್ಟರ್ ಕಲಿಯುವವರೂ ಹೌದು, ಕಲಿಸುವವರೂ ಹೌದು. ಅದಕ್ಕೆ ಪ್ರಮಾಣಪತ್ರವಿಲ್ಲ ಎಂಬುದು ಬೇರೆ ಮಾತು. 1990ರಲ್ಲಿ ಮಣಿಪಾಲದಲ್ಲಿ ಶುಶ್ರೂಷಾ ಕಾಲೇಜು ಆರಂಭವಾಯಿತು.

ಮರುಕಲಿಕೆ ಏಕೆ ಬೇಕೆಂಬುದಕ್ಕೆ ಹೆರಿಗೆ ಕೋಣೆಯೇ ಸಾಕ್ಷಿ. ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು ಒಂದು ಕಾಲದ ಪಾಠ. ಈಗ ಅವು ಬೇಡವೆನಿಸಿವೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯಬೇಕು. ರಕ್ತಸ್ರಾವ ತಡೆಯಲು ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ಕೇಂದ್ರ ಸರ್ಕಾರದ ನುರಿತ ಹೆರಿಗೆ ಸೇವೆಯ ಮಾರ್ಗಸೂಚಿಗಳು ಈ ಔಷಧವನ್ನೂ, ತುರ್ತಿನಲ್ಲಿ ಬಸುರಿನ ನಂಜು ಸೆಳೆತಕ್ಕೆ (ಎಕ್ಲಾಂಪ್ಸಿಯಾ) ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸನ್ನೂ ಎ.ಎನ್.ಎಂ.ಗಳು ಕೊಡಬಹುದೆಂದವು. ಅದಕ್ಕಾಗಿ 21 ದಿನಗಳ ತರಬೇತಿ ರೂಪುಗೊಂಡಿತು.

ಆದರೆ ತರಬೇತಿ ಮುಗಿಸಿ ಮರಳಿದವರ ಕೈಗೆ ಹೆರಿಗೆಗಳೇ ಸಿಗದಿದ್ದರೆ? ಉಡುಪಿ ಜಿಲ್ಲೆಯಲ್ಲಿ ಹೆರಿಗೆಗಳು ಬಹುತೇಕ ದೊಡ್ಡ ಆಸ್ಪತ್ರೆಗಳಿಗೆ ಹೋದವು. ತಾಯಂದಿರಿಗೆ ಇದು ಒಳ್ಳೆಯದೇ. ಅಲೆವೂರಿನಂಥ ಹಳ್ಳಿಯ ಸಿಸ್ಟರಿಗೆ ಮಾತ್ರ ರೂಢಿ ತಪ್ಪುತ್ತದೆ. ಇಲ್ಲಿ ಉಪನ್ಯಾಸಕ್ಕಿಂತ ಬೊಂಬೆಯ ಮೇಲಿನ ಅಭ್ಯಾಸ, ಹೆರಿಗೆ ವಾರ್ಡಿನಲ್ಲಿ ಆಗಾಗ ಸರದಿ ಹೆಚ್ಚು ಉಪಯುಕ್ತ.

ರಾಜ್ಯದ ಉತ್ತರ ಭಾಗದಲ್ಲಿ ಇನ್ನೊಂದು ದಾರಿ ಪರೀಕ್ಷೆಗೊಳಗಾಯಿತು. ತಾಯಿ-ಮಕ್ಕಳ ಆರೋಗ್ಯದ ಸುಕ್ಷೇಮ ಯೋಜನೆಯಡಿ 2012–13ರಲ್ಲಿ ಬಳ್ಳಾರಿ, ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 54ಕ್ಕೆ ಮಾರ್ಗದರ್ಶಿ ದಾದಿಯರನ್ನು ಕಳಿಸಲಾಯಿತು. ಅವರು ಸಿಬ್ಬಂದಿಯ ಪಕ್ಕದಲ್ಲೇ ನಿಂತು ಕೇಸ್‌ಶೀಟು, ಔಷಧ ದಾಸ್ತಾನು, ರೋಗಿಯ ಆರೈಕೆ ನೋಡುತ್ತ ತಿದ್ದಿದರು. ಉಳಿದ 54ಕ್ಕಿಂತ ಅಲ್ಲಿನ ಸಿದ್ಧತೆ, ತಿಳಿವಳಿಕೆ ಮೇಲಾಗಿದ್ದವು. ಕಲಿಯಲು ದಾದಿ ಊರು ಬಿಡಬೇಕಾಗಲಿಲ್ಲ. ಇದೇ ಅದರ ಹೆಚ್ಚುಗಾರಿಕೆ.

ನೋಂದಣಿ ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ಕಲಿಕೆ ಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಸಭಾಂಗಣದಲ್ಲಿ ಕುಳಿತ ಗಂಟೆ ಎಣಿಸುವುದು ಸುಲಭ, ಕೈ ಪಳಗಿತೇ ಎಂದು ಅಳೆಯುವುದು ಕಷ್ಟ; ನಿಯಮ ಸುಲಭದ್ದನ್ನೇ ಆಯ್ದುಕೊಂಡಿದೆ. 1947ರ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಸೇವಾ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.