ಬರಿದಾದ ಲಾಯಗಳು

ಸಂಸ್ಥೆಯೊಂದು ಹುಟ್ಟಿದ ದಿನವನ್ನು ಕಲ್ಲಿನಲ್ಲಿ ಕೆತ್ತಿಸುವ ರೂಢಿ ಎಲ್ಲ ದೇಶಗಳಲ್ಲಿಯೂ ಇದೆ. ಅದಕ್ಕೆ ಬೀಗ ಬಿದ್ದ ದಿನವನ್ನು ಬರೆದಿಡುವವರು ಮಾತ್ರ ಕಡಮೆ. ಅಂಗವಿಕಲ ಮಕ್ಕಳಿಗೆ ಕುದುರೆಸವಾರಿಯ ಮೂಲಕ ಚಿಕಿತ್ಸೆ ನೀಡುವ ಧರ್ಮಸಂಸ್ಥೆಗಳ ಚರಿತ್ರೆಯಲ್ಲಿಯೂ ಮೊದಲ ಪುಟಗಳು ಸ್ಪಷ್ಟವಾಗಿವೆ, ಕೊನೆಯ ಪುಟಗಳು ಹರಿದುಹೋಗಿವೆ.

ಮೊದಲ ಪುಟದಲ್ಲಿರುವುದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯ ಹೆಸರು. 1944ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದ ಈಕೆಗೆ ಪೋಲಿಯೋ ತಗುಲಿತು. ಮಗು ಆರೋಗ್ಯವಾಗಿಯೇ ಹುಟ್ಟಿತು; ಆದರೆ ತಾಯಿಯ ಮೊಣಕಾಲಿನ ಕೆಳಗೆ ಸ್ವಾಧೀನ ಮರಳಲಿಲ್ಲ. ಆದರೂ ಆಕೆ ಜೀನನ್ನು ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಕುದುರೆಯನ್ನು ನಯವಾಗಿ ನಡೆಯಿಸುವ ಡ್ರೆಸಾಜ್ ಸ್ಪರ್ಧೆಗೆ ಹೆಂಗಸರಿಗೆ ಪ್ರವೇಶ ದೊರೆತ ಮೊದಲ ವರ್ಷವೇ, ಜುಬಿಲಿ ಎಂಬ ಹೆಣ್ಣುಕುದುರೆಯನ್ನೇರಿ ಬೆಳ್ಳಿಯ ಪದಕವನ್ನು ಗೆದ್ದಳು. ಕುದುರೆ ಹತ್ತುವುದಕ್ಕೂ ಇಳಿಯುವುದಕ್ಕೂ ಬೇರೊಬ್ಬರ ಕೈಯಾಸರೆ ಬೇಕಾಗಿದ್ದವಳು! 1956ರಲ್ಲಿ ಸ್ಟಾಕ್‌ಹೋಮಿನಲ್ಲಿ ಅದೇ ಪದಕ ಮತ್ತೊಮ್ಮೆ ಆಕೆಯದಾಯಿತು. ಯೂರೋಪಿನ ವೈದ್ಯರೂ ಅಂಗಸಾಧನೆಯ ಶಿಕ್ಷಕರೂ ಕುದುರೆಯತ್ತ ತಿರುಗಿ ನೋಡಿದ್ದು ಅನಂತರ. 1969ರಲ್ಲಿ ಬ್ರಿಟನ್ನಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಈ ಕಾರ್ಯಕ್ಕೆಂದೇ ಸಂಘಗಳು ಏರ್ಪಟ್ಟವು. ಬ್ರಿಟಿಷ್ ಸಂಘದ ಶಾಖೆಗಳು ಮುಂದೆ ನಾನೂರನ್ನು ಮೀರಿದವು.

ನಮ್ಮ ಹಳೆಯ ಅಶ್ವಶಾಸ್ತ್ರಗಳಲ್ಲಿ ಕುದುರೆಯ ಸುಳಿ, ಬಣ್ಣ, ಗತಿಗಳ ಲಕ್ಷಣವುಂಟು. ಅದರ ರೋಗಕ್ಕೆ ಮದ್ದುಂಟು. ಕುದುರೆಯೇ ವೈದ್ಯನಾದ ಮಾತನ್ನು ನಾನಂತೂ ಅಲ್ಲಿ ಕಂಡಿಲ್ಲ. ಹಾಗಾದರೆ ಅದು ಮಾಡುವ ವೈದ್ಯವೇನು? ನಡಿಗೆಯೇ ಅದರ ವೈದ್ಯ. ಕುದುರೆ ಮೆಲ್ಲನೆ ನಡೆಯುವಾಗ ಬೆನ್ನ ಮೇಲಿದ್ದವನ ಸೊಂಟ ಹಿಂದೆಮುಂದೆ, ಮೇಲೆಕೆಳಗೆ, ಅತ್ತಿತ್ತ ತೂಗುತ್ತದೆ. ಮನುಷ್ಯ ತನ್ನ ಕಾಲಿನಲ್ಲಿ ನಡೆಯುವಾಗಲೂ ಸೊಂಟದ ಚಲನೆ ಹೆಚ್ಚುಕಡಮೆ ಹೀಗೆಯೇ. ಎಂದೂ ನಡೆಯದ ಮಗುವಿನ ಮೈಗೆ ನಡಿಗೆಯ ಲಯ ಹೀಗೆ ಪರಿಚಯವಾಗುತ್ತದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗವುಂಟು. ಮಿದುಳಿನ ಊನದಿಂದ ಸ್ನಾಯುಗಳು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿಯ 15 ಮಕ್ಕಳಲ್ಲಿ ಕೆಲವರನ್ನು 8 ನಿಮಿಷ ಕುದುರೆಯ ಮೇಲೆ, ಉಳಿದವರನ್ನು ಅಷ್ಟೇ ಹೊತ್ತು ಒಂದು ಪೀಪಾಯಿಯ ಮೇಲೆ ಕಾಲಿಳಿಬಿಟ್ಟು ಕೂರಿಸಿದರು. ಕುದುರೆಯೇರಿದವರ ಎಡಬಲ ಸ್ನಾಯುಗಳು ಹಿಂದಿಗಿಂತ ಸಮವಾಗಿ ಕೆಲಸಮಾಡಿದವು. ಪೀಪಾಯಿಯಿಂದ ಅಂಥ ಗುಣ ಕಾಣಲಿಲ್ಲ. ಹದಿನೈದು ಮಕ್ಕಳಿಂದ ಶಾಸ್ತ್ರ ಸಿದ್ಧವಾಗದು, ನಿಜ. ಆದರೂ ಸುಳಿವು ದೊರೆಯಿತು.

ಪೀಪಾಯಿಗೆ ಮೇವು ಬೇಡ. ಕುದುರೆಗೆ ಬೇಕು. ಈ ಸಂಸ್ಥೆಗಳ ಕಷ್ಟವೆಲ್ಲ ಇಲ್ಲಿಯೇ ಇದೆ. 500 ಕಿಲೋಗ್ರಾಂ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಒಣಹುಲ್ಲು ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಹೆರೆಸಬೇಕು. ಮಕ್ಕಳಿಗೆ ರಜೆಯಾದರೆ ಅದರ ಹೊಟ್ಟೆಗೆ ರಜೆಯಿಲ್ಲ. ಸ್ವಾಧೀನವಿಲ್ಲದ ಒಂದು ಮಗು ಜೀನಿನ ಮೇಲೆ ಕುಳಿತರೆ ಕುದುರೆಯನ್ನು ಹಿಡಿದು ನಡೆಸಲು ಒಬ್ಬರು, ಮಗುವನ್ನು ಹಿಡಿದುಕೊಳ್ಳಲು ಎಡಬಲದಲ್ಲಿ ಇಬ್ಬರು, ಹೀಗೆ ಮೂವರು ಬೇಕಾಗುತ್ತದೆ. ಇವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸೇವಕರು. ಆ ಮಗುವಿನ ತಂದೆತಾಯಿಗಳಿಂದ ಪೂರ್ತಿ ವೆಚ್ಚವನ್ನು ಕೇಳುವಂತಿಲ್ಲ. ಕೇಳಿದರೆ ಧರ್ಮಸಂಸ್ಥೆ ಎಂಬ ಹೆಸರು ಉಳಿಯದು. ದಾನಿಗಳಾದರೋ ಹೊಸ ಲಾಯ ಕಟ್ಟಿಸಲು ಹಣ ಕೊಟ್ಟಷ್ಟು ಸಂತೋಷದಿಂದ ಹುಲ್ಲಿಗೆ ಕೊಡುವುದಿಲ್ಲ. ಹುಲ್ಲಿನ ಮೇಲೆ ಹೆಸರು ಕೆತ್ತಿಸಲಾಗದಷ್ಟೆ!

2020ರ ಮಾರ್ಚಿಯಲ್ಲಿ ಕೊರೋನಾ ಪಿಡುಗಿನಿಂದ ಬ್ರಿಟನ್ನಿನಲ್ಲಿ ಈ ಸವಾರಿ ನಿಂತಿತು. ಮಕ್ಕಳು ಬರಲಿಲ್ಲ, ಕಾಣಿಕೆ ಕೂಡಿಸುವ ಜಾತ್ರೆಗಳು ನಡೆಯಲಿಲ್ಲ; ಕುದುರೆಗಳು ಮಾತ್ರ ಎಂದಿನಂತೆ ತಿಂದವು. ಒಬ್ಬರಿಂದೊಬ್ಬರು ದೂರ ನಿಲ್ಲಬೇಕೆಂಬ ಕಟ್ಟಳೆಯಿದ್ದಾಗ ಮಗುವಿನ ಸೊಂಟವನ್ನು ಹಿಡಿಯುವವರು ಯಾರು? ತಾನಾಗಿಯೇ ಕೂರಬಲ್ಲ ಮಗು ಬೇಗನೆ ಮರಳಬಹುದಿತ್ತು. ಇಬ್ಬರ ಆಸರೆ ಬೇಕಾದದ್ದು, ಎಂದರೆ ಯಾವುದಕ್ಕೆ ಸವಾರಿ ಹೆಚ್ಚು ಅಗತ್ಯವೋ ಅದು, ಕೊನೆಯವರೆಗೂ ಕಾಯಬೇಕಾಯಿತು. ಕೆಲವು ಲಾಯಗಳು ಮತ್ತೆ ತೆರೆಯಲೇ ಇಲ್ಲ.

ಮುಚ್ಚುವಾಗ ಕಟ್ಟಡದ ವಿಲೇವಾರಿ ಸುಲಭ, ಕುದುರೆಯದು ಕಷ್ಟ. ಬೆಚ್ಚದೆ ಬೆದರದೆ ಮಕ್ಕಳನ್ನು ಹೊರುವುದು ಬಹುಮಟ್ಟಿಗೆ ನಡುವಯಸ್ಸು ದಾಟಿದ ಶಾಂತ ಪ್ರಾಣಿ. ಅದನ್ನು ಕೊಳ್ಳುವವರಿಲ್ಲ, ಆದರೆ ಕುದುರೆ 25 ವರ್ಷಕ್ಕೂ ಮೀರಿ ಬಾಳಬಲ್ಲುದು. ಅದಕ್ಕೊಂದು ಹುಲ್ಲುಗಾವಲನ್ನು ಗೊತ್ತುಮಾಡದೆ ಬೀಗ ಹಾಕುವುದು ನ್ಯಾಯವಲ್ಲ. ಮಗುವಿನ ಪಾಡೂ ಸುಲಭವಲ್ಲ. ಒಂದು ಬೆನ್ನಿನ ಅಗಲಕ್ಕೆ, ಒಂದು ಹೆಜ್ಜೆಯ ತೂಗಾಟಕ್ಕೆ ಅದರ ಮೈ ಒಗ್ಗಿರುತ್ತದೆ. ಮತ್ತೊಂದು ಊರಿನ ಲಾಯದಲ್ಲಿ ಸರದಿ ದೊರೆತರೂ ಅಲ್ಲಿಯ ಕುದುರೆ ಬೇರೆ, ನಡಿಗೆ ಬೇರೆ.

ಯಾವ ಮಗುವಿಗೆ ಯಾವ ಕುದುರೆ ಹೊಂದಿತು, ಯಾವ ತಿಂಗಳಲ್ಲಿ ಅದು ಕೈಬಿಟ್ಟು ನೆಟ್ಟಗೆ ಕುಳಿತಿತು ಎಂಬುದನ್ನು ಈ ಸಂಸ್ಥೆಗಳು ದಿನವಹಿಯಲ್ಲಿ ಬರೆದಿಡುವುದುಂಟು. ಬೀಗ ಬಿದ್ದ ಮೇಲೆ ಇವು ರದ್ದಿಯಾಗುತ್ತವೆ. ಮಕ್ಕಳ ಹೆಸರನ್ನು ಮರೆಮಾಡಿಯಾದರೂ ಆಯಾ ಊರಿನ ಗ್ರಂಥಭಂಡಾರಗಳು ಅವನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು.